ಮುಚ್ಚಳದ ಮೇಲಿನ ದಪ್ಪಕ್ಷರ

ಶನಿವಾರ, ಜೂನ್ 1

ಟೈರ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಬೀರುವಿನ ತಲೆಯ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ಯಾರ ಹತ್ತಿರವಾದರೂ ಮಾತಾಡದಿದ್ದರೆ ತಲೆ ಸಿಡಿದು ಹೋಗುತ್ತದೆ ಅನ್ನಿಸಿತು. ಮನೆಯಲ್ಲಿ ಮಾತಾಡುವ ಹಾಗಿಲ್ಲ. ಡಿಪೋದಲ್ಲಿ ಬಾಯಿ ಬಿಟ್ಟರೆ ನಾಳೆ ಬೆಳಿಗ್ಗೆ ಹೊರಡುವ ಎಲ್ಲ ಬಸ್ಸುಗಳಲ್ಲೂ ಸುದ್ದಿ ಹತ್ತಿ ಕೂತಿರುತ್ತದೆ. ಆದ್ದರಿಂದ ಇದೇ ಗತಿ.

ಬೆಳಿಗ್ಗೆ ಇವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಇರುವುದು ಹಳೆಯ ಸುದ್ದಿ. ಈಗ ಅದು ಕಣ್ಣಿಗೆ ಕೈ ಹಾಕಿದೆ. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿವೆಯಂತೆ. ಡಾಕ್ಟರು ಗದರಿದ್ದರೆ ಎಷ್ಟೋ ವಾಸಿಯಿತ್ತು, ಅವರು ಮೆತ್ತಗೆ ಮಾತಾಡಿದರು. ನನಗೆ ಭಯವಾಗಿದ್ದು ಅದಕ್ಕೇ.

"ಮೂರು ತಿಂಗಳು ನೋಡೋಣ. ಹೊತ್ತಿಗೆ ಸರಿಯಾಗಿ ಊಟ, ಹದವಾದ ಊಟ. ಸಕ್ಕರೆ ಇಳಿದ್ರೆ ಚುಕ್ಕೆ ಅಲ್ಲಿಗೇ ನಿಲ್ಲುತ್ತೆ. ಇಳೀಲಿಲ್ಲ ಅಂದ್ರೆ ಕಣ್ಣಿಗೇ ಇಂಜೆಕ್ಷನ್ ಶುರು ಮಾಡ್ಬೇಕಾಗುತ್ತೆ. ಆಮೇಲೆ ನೋಟ ಎಷ್ಟು ಉಳಿಯುತ್ತೆ ಅಂತ ನಾನು ಈಗ್ಲೇ ಹೇಳೋಕಾಗಲ್ಲ."

ಇವಳಿಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಒಳಗಿನ ಕತ್ತಲೆ ಕೋಣೆಯಲ್ಲಿ ಜನರನ್ನು ಕುರ್ಚಿಯ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಾಯಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳಿ ನಂಬರು ಬರೆಯುವವಳು. ಮದುವೆಯಾದಾಗಿನಿಂದ ಅದೇ ಕೆಲಸ. ಕಣ್ಣೇ ಹೋದರೆ ಇವಳು ಏನು ಮಾಡುತ್ತಾಳೆ? ವಾಪಸು ಬರುವಾಗ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನೇ ನೋಡುತ್ತಾ ಬಂದಳು. ಮನೆಯ ತಿರುವಿನಲ್ಲಿ ಮಾತ್ರ "ಹಾಲು ತಗೊಳ್ಬೇಕು" ಅಂದಳು.

ನಮ್ಮ ಮನೆಯ ಊಟದ ಚೆಂದ ಹೇಳತೀರದು. ಬೆಳಗಿನ ಪಾಳಿ ಇದ್ದ ದಿನ ನಾನು ಹೊರಡುವಾಗ ಯಾರೂ ಎದ್ದಿರುವುದಿಲ್ಲ. ಮಗಳಿಗೆ ಕಾಲೇಜು, ಅದು ಮುಗಿದರೆ ಈಜು, ಅದು ಮುಗಿದರೆ ಗೆಳತಿಯರು. ಇವಳ ಅಪ್ಪ, ನಮ್ಮ ಮಾವನವರು, ನಮ್ಮ ಜೊತೆಗೇ ಇದ್ದಾರೆ. ಅವರದು ಕಟ್ಟಿಸಿಕೊಂಡ ಹಲ್ಲು, ಮೆತ್ತಗಿದ್ದರೆ ಮಾತ್ರ ಗಂಟಲಿಗಿಳಿಯುತ್ತದೆ. ಇವಳು ಎಲ್ಲರಿಗೂ ಏನಾದರೊಂದು ಬೇಯಿಸಿಟ್ಟು ತಾನು ಟೀ ಕುಡಿದು ಓಡುತ್ತಾಳೆ. ಮಧ್ಯಾಹ್ನ ಗಿರಾಕಿ ಬಂದರೆ ಊಟವಿಲ್ಲ. ಸಂಜೆ ಹೊಟ್ಟೆ ಚುರುಗುಟ್ಟಿದಾಗ ಬಿಸ್ಕತ್ತಿನ ಪೊಟ್ಟಣ.

ನಾನೇನು ಸುಮ್ಮನೆ ಇದ್ದೇನೆಯೇ? ಡಿಪೋದ ಅಷ್ಟೂ ಬಸ್ಸುಗಳ ವೇಳಾಪಟ್ಟಿ ಹಾಕುವವನು. ನಾಲ್ಕು ಹೊಟ್ಟೆಗಳಿಗೆ ಒಂದು ವೇಳಾಪಟ್ಟಿ ಹಾಕಲಾರೆನೇ? ವಾರದ ಊಟವನ್ನೆಲ್ಲ ಭಾನುವಾರವೇ ಮಾಡಿ, ಡಬ್ಬಿ ತುಂಬಿ, ಫ್ರಿಜ್ಜಿನಲ್ಲಿ ಸಾಲಾಗಿ ಇಡುತ್ತೇನೆ. ಇವಳ ಸಕ್ಕರೆ ಅದು ಹೇಗೆ ಇಳಿಯುವುದಿಲ್ಲವೋ ನೋಡಿಯೇ ಬಿಡುತ್ತೇನೆ.

ಭಾನುವಾರ, ಜೂನ್ 2

ಸೊಂಟ ಬಿದ್ದುಹೋಗಿದೆ. ಆದರೂ ಬರೆಯಲೇಬೇಕು.

ಬೆಳಕು ಹರಿಯುವ ಮೊದಲೇ ಮಾರುಕಟ್ಟೆಗೆ ಹೋಗಿ ಚೀಲ ತುಂಬಾ ತರಕಾರಿ ತಂದೆ. ಕಾಳು ನಿನ್ನೆಯೇ ನೆನೆಹಾಕಿದ್ದೆ. ಒಲೆಯ ಮೂರೂ ಉರಿ ಒಟ್ಟಿಗೆ ಹೊತ್ತಿಸಿದೆ. ಒಂದರಲ್ಲಿ ಕಾಳು, ಒಂದರಲ್ಲಿ ಬೇಳೆ, ಒಂದರಲ್ಲಿ ಬೀನ್ಸು, ಕೋಸು, ಸೊಪ್ಪು ಸರದಿಯ ಮೇಲೆ. ಫೋನಿನಲ್ಲಿ ಅಳತೆ ನೋಡಿಕೊಂಡು ಮಾಡುತ್ತಿದ್ದೆ. ಇವಳು ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಅಷ್ಟು ದೂರ ಹಿಡಿದ್ರೆ ಫೋನು ಕಿಟಕಿಯಿಂದ ಆಚೆ ಹೋಗುತ್ತೆ. ಒಂದ್ಸಲ ಅಂಗಡಿಗೆ ಬನ್ನಿ ರೀ, ಕಣ್ಣು ನೋಡ್ತೀನಿ."

"ನನ್ನ ಕಣ್ಣಿಗೇನು ಧಾಡಿ? ಮೊದ್ಲು ನಿನ್ನದು ನೋಡ್ಕೋ" ಅಂದೆ. ಆಮೇಲೆ ಹಾಗನ್ನಬಾರದಿತ್ತು ಅನ್ನಿಸಿತು. ಅಷ್ಟರಲ್ಲಿ ಬೇಳೆ ಉಕ್ಕಿತು.

ಉಪ್ಪು ಒಂದೆರಡು ಕಡೆ ಜಾಸ್ತಿಯಾಗಿದೆ, ಚಮಚದ ಮೇಲಿನ ಗೆರೆ ಅಷ್ಟು ಸಣ್ಣದಾಗಿ ಯಾಕೆ ಕೊರೆಯುತ್ತಾರೋ. ಅದಿರಲಿ. ಎಲ್ಲ ಆರಿದ ಮೇಲೆ ಡಬ್ಬಿಗಳಿಗೆ ತುಂಬಿ ಮುಚ್ಚಳ ಹಾಕಿದೆ. ಡಿಪೋದಿಂದ ಅಂಟುಪಟ್ಟಿ ತಂದಿದ್ದೆ. ಬಸ್ಸಿನ ಬೋರ್ಡು ಕೆಟ್ಟಾಗ ಗಾಜಿನ ಮೇಲೆ ಮಾರ್ಗ ಬರೆದು ಅಂಟಿಸುವ ಬಿಳಿ ಪಟ್ಟಿ ಅದು, ಮಳೆಗೂ ಜಗ್ಗುವುದಿಲ್ಲ. ಕಪ್ಪು ಮಾರ್ಕರಿನಲ್ಲಿ ಒಂದೊಂದು ಮುಚ್ಚಳಕ್ಕೂ ಬರೆದೆ: ಮಗಳು ಸೋಮ, ಮಗಳು ಮಂಗಳ, ಮಾವ ಸೋಮ, ಮಾವ ಮಂಗಳ. ಇವಳ ಡಬ್ಬಿಯಲ್ಲಿ ಅನ್ನ ಕಡಿಮೆ, ಕಾಳು ಜಾಸ್ತಿ, ಆಲೂಗಡ್ಡೆ ಇಲ್ಲವೇ ಇಲ್ಲ. ಅದು ಬೇರೆಯವರ ಡಬ್ಬಿಗೆ ಬೆರೆಯಬಾರದಲ್ಲ? ಅದಕ್ಕೆ ಅದರ ಮೇಲೆ ಎದ್ದು ಕಾಣುವ ಹಾಗೆ "ಶುಗರ್ ಸೋಮ", "ಶುಗರ್ ಮಂಗಳ" ಎಂದು ಬರೆದೆ.

ಮಗಳು ಫ್ರಿಜ್ಜು ತೆರೆದು ಎರಡು ಹೆಜ್ಜೆ ಹಿಂದೆ ಸರಿದಳು. "ಅಪ್ಪಾ, ಇದು ಫ್ರಿಜ್ಜಾ, ಬಸ್ ಸ್ಟ್ಯಾಂಡಾ? ಇಷ್ಟು ದಪ್ಪಕ್ಕೆ ಬರ್ದಿದೀಯಲ್ಲ, ಎದುರು ಮನೆಯವ್ರೂ ಓದ್ಲಿ ಅಂತಾನಾ?"

"ಓದೋಕೇ ಕಣೇ ಬರೆಯೋದು. ಬೆಳಿಗ್ಗೆ ಗಡಿಬಿಡೀಲಿ ಅದಲುಬದಲು ಆಗ್ಬಾರ್ದು."

ನನ್ನ ಅಕ್ಷರ ದಪ್ಪ, ನಿಜ. ಬೋರ್ಡು ಬರೆದು ಬರೆದು ಅಭ್ಯಾಸ. ಇವಳು ತನ್ನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮುಚ್ಚಳ ನೋಡಿದಳು. "ಅವ್ರೆಲ್ಲ ಮಗಳು, ಮಾವ. ನಾನು ಇಷ್ಟೇನಾ?" ಅಂದಳು. "ಗುರುತಿಗೆ ಕಣೇ" ಅಂದೆ. ಹ್ಞೂಂ ಎಂದು ಬಟ್ಟೆ ಮಡಚಲು ಹೋದಳು.

ಫ್ರಿಜ್ಜಿನ ಬಾಗಿಲು ಮೂರು ಸಲ ತೆರೆದು ನೋಡಿದೆ. ಏನು ಶಿಸ್ತು! ಬೆಳಗಿನ ಪಾಳಿಯ ಬಸ್ಸುಗಳು ನಿಂತ ಹಾಗೆ ನಿಂತಿವೆ.

ಬುಧವಾರ, ಜೂನ್ 5

ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಯಾರು ಯಾವ ಹೊತ್ತಿಗೆ ಬಂದರೂ ತಮ್ಮ ಡಬ್ಬಿ ತೆಗೆದು, ಬಿಸಿ ಮಾಡಿ, ತಿಂದು, ತೊಳೆದಿಟ್ಟು ಹೋಗುತ್ತಾರೆ. ಯಾರಿಗೂ ಯಾರೂ ಕಾಯಬೇಕಾಗಿಲ್ಲ. ಇವಳ ಮಧ್ಯಾಹ್ನದ ಡಬ್ಬಿ ಅಂಗಡಿಯಿಂದ ಫಳಫಳ ತೊಳೆದು ವಾಪಸು ಬರುತ್ತಿದೆ, ಒಂದು ಅಗುಳೂ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಮಾವನವರದು ಮಾತ್ರ ಒಂದು ತಕರಾರು. "ಅಳಿಯಂದ್ರೇ, ಕ್ಯಾರೆಟ್ಟಿಗೂ ನನ್ನ ಹಲ್ಲಿಗೂ ಇವತ್ತು ಜಗಳ ಆಯ್ತು. ಹಲ್ಲು ಸೋತು ತಟ್ಟೆಗೆ ಬಿತ್ತು" ಅಂದರು. ಮುಂದಿನ ವಾರ ಇನ್ನೂ ಬೇಯಿಸಬೇಕು.

ಗುರುವಾರ, ಜೂನ್ 13

ಬೆಳಿಗ್ಗೆ ಇವಳ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದೆವು. ಇಳಿದಿಲ್ಲ. ಒಂದು ಚೂರೂ ಇಳಿದಿಲ್ಲ. ಮೀಟರು ಸರಿಯಿಲ್ಲವೇನೋ ಎಂದು ನನ್ನ ಬೆರಳನ್ನೂ ಚುಚ್ಚಿಕೊಂಡೆ. ಸರಿಯಾಗಿಯೇ ಇದೆ.

ಎಲ್ಲಿ ತಪ್ಪುತ್ತಿದೆ? ಇವಳ ಡಬ್ಬಿಯಿಂದ ಅನ್ನವನ್ನು ಪೂರ್ತಿ ತೆಗೆದುಬಿಡುತ್ತೇನೆ. ಕಾಳು, ಸೊಪ್ಪು, ಮೊಟ್ಟೆ. ಹೇಳಿದೆ. "ಹ್ಞೂಂ" ಅಂದಳು. ಈಚೆಗೆ ಎಲ್ಲದಕ್ಕೂ ಹ್ಞೂಂ.

ಭಾನುವಾರ, ಜೂನ್ 23

ಮಾಡಿದೆ. ತುಂಬಿದೆ. ಅಂಟಿಸಿದೆ.

"ಗುರುವಾರ ತಿನ್ನುವಾಗ ಭಾನುವಾರದ ವಾಸನೆ ಬರುತ್ತೆ" ಎಂದು ಮಗಳು ಮುಖ ಸಿಂಡರಿಸಿದಳು. ಬೈದೆ. ಅವಳು ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಳು. ಯಾರಿಗಾಗಿ ಒದ್ದಾಡುತ್ತಿದ್ದೇನೋ ನಾನು.

ಗುರುವಾರ, ಜೂನ್ 27

ಮೀಟರು ಮೊದಲಿಗಿಂತ ಮೇಲೆ ಹೋಗಿದೆ. ಭಯಕ್ಕೆ ಬಾಯಿಗೆ ಬಂದಿದ್ದು ಸಿಟ್ಟು.

"ಕದ್ದು ಏನಾದ್ರೂ ತಿಂತಿದೀಯಾ?"

ಇವಳು ಬೆರಳನ್ನು ಹತ್ತಿಯಿಂದ ಒತ್ತಿಕೊಂಡಳು. "ನಾನೇನು ನಿಮ್ಮ ಡಿಪೋ ಬಸ್ಸಾ? ಡೀಸೆಲ್ ಹಾಕಿ, ಬೋರ್ಡು ಹಚ್ಚಿ, ಓಡು ಅನ್ನೋಕೆ?"

"ನಿನ್ನ ಕಣ್ಣಿಗೋಸ್ಕರ ನಾನು ರಜಾ ದಿನಾನೂ ಒಲೆ ಮುಂದೆ ಬೇಯ್ತಿದೀನಿ."

"ಗೊತ್ತು. ಅದಕ್ಕೇ ಬಾಯಿ ಮುಚ್ಕೊಂಡಿದೀನಿ."

ಇದಕ್ಕೆ ಏನರ್ಥ? ಬಾಯಿ ಮುಚ್ಚಿಕೊಳ್ಳುವಂಥದ್ದು ಏನಿದೆ? ಕೇಳಬೇಕೆಂದುಕೊಂಡೆ, ಬಸ್ಸಿನ ಹೊತ್ತಾಗಿತ್ತು. ಮಾವನವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಒಂದೇ ಪುಟವನ್ನು ಓದುತ್ತಿದ್ದರು.

ಗುರುವಾರ, ಜುಲೈ 4

ಇವಳ ಅಂಗಡಿಗೆ ಹೋಗಿದ್ದೆ. ಬರೆಯುವ ಹಾಗಿಲ್ಲ. ನಾಳೆ.

ಶುಕ್ರವಾರ, ಜುಲೈ 5

ನಿನ್ನೆ ನನಗೆ ಪಾಳಿ ಬದಲಾಗಿತ್ತು, ಮನೆಯಲ್ಲಿದ್ದೆ. ಚಪ್ಪಲಿ ಗೂಡಿನ ಮೇಲೆ "ಶುಗರ್ ಗುರು" ಡಬ್ಬಿ ಕೂತಿತ್ತು. ಮರೆತು ಹೋಗಿದ್ದಳು. ಊಟದ ಹೊತ್ತಿಗೆ ಮುಟ್ಟಿಸೋಣವೆಂದು ಚೀಲಕ್ಕೆ ಹಾಕಿಕೊಂಡು ಹೊರಟೆ. ಎಷ್ಟೋ ವರ್ಷವಾಯಿತು ಆ ಅಂಗಡಿಯೊಳಗೆ ಕಾಲಿಟ್ಟು.

ಗಾಜಿನ ಬಾಗಿಲು ತಳ್ಳಿದರೆ ಸುತ್ತ ಕನ್ನಡಿ, ಗೋಡೆ ತುಂಬಾ ಕನ್ನಡಕ. ಇವಳು ಒಳಕೋಣೆಯಲ್ಲಿರುತ್ತಾಳೆಂದು ನೇರ ಅಲ್ಲಿಗೇ ಹೋದೆ. ಪರದೆ ಸರಿಸಿದರೆ ಯಾರೋ ಹೊಸ ಹುಡುಗ ಇವಳ ಸ್ಟೂಲಿನ ಮೇಲೆ ಕೂತು ಗಿರಾಕಿಯ ಮೂಗಿನ ಮೇಲೆ ಗಾಜು ಸಿಕ್ಕಿಸುತ್ತಿದ್ದ. ತಿರುಗಿ ನೋಡಿದರೆ ಇವಳು ಬಾಗಿಲ ಪಕ್ಕದ ಬಿಲ್ಲಿನ ಮೇಜಿನ ಹಿಂದೆ. ನಾನು ಅವಳ ಮುಂದೆಯೇ ಹಾದು ಬಂದಿದ್ದೆ. ನೋಡಿರಲಿಲ್ಲ.

"ಏನ್ರೀ, ಇಲ್ಲಿ?" ಅಂದಳು. ಮುಖ ಸುಣ್ಣವಾಗಿತ್ತು.

ಉತ್ತರ ಕೊಡುವಷ್ಟರಲ್ಲಿ ಫ್ರೇಮು ತೋರಿಸುವ ಹುಡುಗಿ ಓಡಿ ಬಂದಳು. "ಅಂಕಲ್, ನೀವೇನಾ ಅಡಿಗೆ ಮಾಡೋದು? ಬೀನ್ಸು ಏನ್ ಚೆನ್ನಾಗಿ ಮಾಡ್ತೀರ! ಅಕ್ಕ ದಿನಾ ನಂಗೇ ಕೊಡ್ತಾರೆ. ಉಪ್ಪು ಒಂಚೂರು ಜಾಸ್ತಿ ಅಷ್ಟೇ, ಬೇಜಾರು ಮಾಡ್ಕೋಬೇಡಿ." ಆಮೇಲೆ ಇವಳ ಮುಖ ನೋಡಿ, ನನ್ನ ಮುಖ ನೋಡಿ, ಕನ್ನಡಕ ಒರೆಸಲು ಹೋದಳು.

ದಿನಾ. ಫಳಫಳ ತೊಳೆದು ಬರುತ್ತಿದ್ದ ಡಬ್ಬಿಗಳು!

ಅಷ್ಟು ಸಾಲದೆಂಬಂತೆ ಅಂಗಡಿಯ ಯಜಮಾನರು ಕೈ ಮುಗಿಯುತ್ತಾ ಬಂದರು. ಕೆಟ್ಟ ಮನುಷ್ಯನಲ್ಲ. "ಬನ್ನಿ ಸಾರ್. ಮನೆಯವ್ರಿಗೆ ಈಗ ಹೇಗಿದೆ? ನಮಗೆ ಗೊತ್ತೇ ಇರ್ಲಿಲ್ಲ ನೋಡಿ. ಮೊದಲ ದಿನ ಊಟದ ಮೇಜಿನ ಮೇಲೆ ಡಬ್ಬಿ ಇತ್ತು. ನಾನು ಅಲ್ಲೆಲ್ಲೋ ಬಾಗಿಲಲ್ಲಿದ್ದೆ, ಅಲ್ಲೀವರೆಗೂ ಕಾಣ್ತಿತ್ತು ಸಾರ್ ಅಕ್ಷರ. ಕೇಳಿದ್ದಕ್ಕೆ ಅವ್ರೂ ಮುಚ್ಚಿಡ್ಲಿಲ್ಲ, ಕಣ್ಣಿಗೂ ಬಂದಿದೆ ಅಂದ್ರು. ನಂಬರು ಬರೆಯೋ ಕೆಲಸ, ಹೆಚ್ಚುಕಮ್ಮಿ ಆಗ್ಬಾರ್ದಲ್ಲ? ಅದಕ್ಕೇ ಸ್ವಲ್ಪ ದಿನ ಬಿಲ್ಲಿನ ಹತ್ರ ಕೂರಿಸಿದೀವಿ."

ನನ್ನ ಕೈಯಲ್ಲಿ ಡಬ್ಬಿ ಇತ್ತು. ಎಲ್ಲ ಕನ್ನಡಿಗಳಲ್ಲೂ ಡಬ್ಬಿ ಕಂಡಿತು. ನಾನೇ ಬರೆದ ಅಕ್ಷರ ಮೊದಲ ಸಲ ನನಗೆ ಹೊಲಸಾಗಿ ಕಂಡಿತು. ಮುಚ್ಚಳದ ಮೇಲೆ ಅಂಗೈ ಒತ್ತಿ ಮುಚ್ಚಿಕೊಂಡು ನಿಂತೆ.

ಸಂಜೆ ಅವಳ ಕೆಲಸ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಮನೆಗೆ ನಡೆದೇ ಬಂದೆವು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಯಜಮಾನ್ರ ಹತ್ರ ಜಗಳಕ್ಕೆ ಹೋಗ್ತಿದ್ರಿ. ಇಲ್ಲಾಂದ್ರೆ ಇನ್ನೊಂದು ಚೀಟಿ ಅಂಟಿಸ್ತಿದ್ರಿ."

"ಆ ಚೀಟಿ ಕಿತ್ತು ಬಿಸಾಕ್ಬಹುದಿತ್ತಲ್ಲ?"

"ಕಿತ್ತೆ. ಅರ್ಧ ಉಗುರು ಹೋಯ್ತು, ಚೀಟಿ ಬರ್ಲಿಲ್ಲ." ಉಗುರು ಸವರಿಕೊಳ್ಳುತ್ತಾ ಅಂದಳು, "ಡಬ್ಬಿ ತೆಗೆದ್ರೆ ಸಾಕು, ಎಲ್ರೂ ಪಾಪ ಅನ್ನೋ ಥರ ನೋಡ್ತಿದ್ರು. ಒಂದು ತುತ್ತೂ ಇಳೀತಿರ್ಲಿಲ್ಲ. ಆ ಹುಡುಗಿ ಮಾತ್ರ ಹಸ್ಕೊಂಡು ನೋಡೋಳು. ಅವಳಿಗೆ ಕೊಟ್ಬಿಟ್ಟೆ."

"ಮತ್ತೆ ನೀನು?"

"ಬಿಸ್ಕತ್ತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹಳೇ ಸೇತುವೆಯ ಮೇಲೆ ನಿಂತಳು. "ನಂಗೆ ಭಯ ಆಗುತ್ತೆ ರೀ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಆ ಅಕ್ಷರದ ಬೋರ್ಡಿನ ಮುಂದೆ ನಿಂತ್ಕೋತೀನಿ. ಕೆಳಗಿನ ಸಾಲು ಓದ್ತೀನಿ. ಆದ್ರೆ ಇಷ್ಟು ವರ್ಷದಿಂದ ಅದು ನಂಗೆ ಬಾಯಿಪಾಠ. ಕಣ್ಣಿಗೆ ಕಾಣ್ತಿದೆಯೋ, ನೆನಪಿಂದ ಓದ್ತಿದೀನೋ, ನಂಗೇ ಗೊತ್ತಾಗ್ತಿಲ್ಲ."

ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದ್ದಾಳೆ. ನಾನು ಫ್ರಿಜ್ಜು ತೆರೆದು ಡಬ್ಬಿ ಎಣಿಸುತ್ತಿದ್ದೆ. ಅವಳ ಕೈ ಹಿಡಿದುಕೊಂಡೆ. ರಸ್ತೆಯಲ್ಲಿ ನಾವು ಹಾಗೆಲ್ಲ ಕೈ ಹಿಡಿಯುವವರಲ್ಲ.

ಭಾನುವಾರ, ಜುಲೈ 7

ಚೀಟಿ ಕೀಳುವುದರಲ್ಲೇ ಬೆಳಿಗ್ಗೆ ಕಳೆಯಿತು. ಡಿಪೋದ ಅಂಟು ಅಂದರೆ ಅಂಟು. ಬಿಸಿನೀರಿಗೆ ಜಗ್ಗಲಿಲ್ಲ, ಚಾಕುವಿಗೆ ಜಗ್ಗಲಿಲ್ಲ. ಕೊನೆಗೆ ಮಾವನವರು ಅಡುಗೆ ಎಣ್ಣೆ ಸವರಿ ಬಿಸಿಲಿಗಿಡಿ ಅಂದರು. ನಾಲ್ವರೂ ಹಿತ್ತಿಲಲ್ಲಿ ಕೂತು ಮುಚ್ಚಳ ಉಜ್ಜಿದೆವು. ಕೈಯೆಲ್ಲ ಜಿಡ್ಡು. ಇವಳು ಒಂದು ಪಟ್ಟಿಯನ್ನು ಹರಿಯದಂತೆ ಪೂರ್ತಿ ಎಬ್ಬಿಸಿ ನನ್ನ ಹಣೆಗೆ ಅಂಟಿಸಿದಳು. ನೋಡಿದರೆ "ಶುಗರ್ ಬುಧ". ಮಗಳು ಬಿದ್ದು ಬಿದ್ದು ನಕ್ಕಳು. ಇವಳೂ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

ಆಮೇಲೆ ಅಡುಗೆ. ನಾನು ಒಲೆ ಹೊತ್ತಿಸಲು ಹೋದರೆ ಇವಳು ತಡೆದಳು. "ಎಲ್ಲಾನೂ ಇವತ್ತೇ ಬೇಯಿಸಿ ಸಾಯಿಸ್ಬೇಡಿ. ತರಕಾರಿ ಹೆಚ್ಚಿಡಿ. ಸೊಪ್ಪು ತೊಳೆದು ಬಟ್ಟೇಲಿ ಸುತ್ತಿಡಿ. ಕಾಳು ಬೇಯಿಸಿಡಿ, ಸಾಕು. ಒಗ್ಗರಣೆ ಅವತ್ತವತ್ತು ಹಾಕೋಣ."

"ಅವತ್ತವತ್ತು ಯಾರು ಹಾಕೋದು?"

"ಯಾರು ಮೊದಲು ಮನೆಗೆ ಬರ್ತಾರೋ ಅವ್ರು."

ಹಾಗೆಂದರೆ ವೇಳಾಪಟ್ಟಿ ಎಲ್ಲಿ ಉಳಿಯಿತು? ಹೇಳಹೊರಟವನು ಬೀನ್ಸು ಹೆಚ್ಚಲು ಕೂತೆ. ಇನ್ನು ಮೇಲೆ ಇವಳಿಗೆ ಬೇರೆ, ನಮಗೆ ಬೇರೆ ಎಂಬುದೂ ಇಲ್ಲ. ಎಲ್ಲರಿಗೂ ಒಂದೇ. ಆಲೂಗಡ್ಡೆ ಇಲ್ಲದಿದ್ದರೆ ನಾನೇನು ಸಾಯುವುದಿಲ್ಲ. ಫ್ರೇಮಿನ ಹುಡುಗಿಗೆ ಒಂದು ಡಬ್ಬಿ ಪ್ರತ್ಯೇಕ, ಪಾಪ ರುಚಿ ಹತ್ತಿಸಿಕೊಂಡಿದ್ದಾಳೆ.

ಗುರುವಾರ, ಜುಲೈ 11

ಇವತ್ತು ಮೊದಲು ಮನೆಗೆ ಬಂದವರು ಮಾವನವರು, ಅಂದರೆ ಹೊರಗೇ ಹೋಗದವರು. ಒಗ್ಗರಣೆ ಸೀದು ಕರ್ರಗಾಗಿತ್ತು. ಎಲ್ಲರೂ ತಿಂದೆವು. "ಅಳಿಯಂದ್ರೇ, ನಾನು ಮಾಡಿದ್ದು ನನ್ನ ಹಲ್ಲಿಗೇ ಒಪ್ಪಲಿಲ್ಲ" ಅಂದರು.

ಇವಳು ಅಂಗಡಿಯಲ್ಲಿ ಊಟ ಮಾಡಿದಳಂತೆ. ಹುಡುಗಿಯೂ ಇವಳೂ ಎದುರುಬದುರು ಕೂತು.

ಭಾನುವಾರ, ಜುಲೈ 14

ಹೆಚ್ಚುವ ಕೆಲಸಕ್ಕೆ ಕೂರುವ ಮೊದಲು ಒಂದು ಕೆಲಸ ಮಾಡಿದೆ. ಡಿಪೋದಿಂದ ಹಳೆಯ ರಟ್ಟು ತಂದು, ಅಂಗಡಿಯ ಬೋರ್ಡಿನ ಹಾಗೆಯೇ ಅಕ್ಷರಗಳ ಸಾಲು ಬರೆದೆ. ಮೇಲೆ ದೊಡ್ಡದು, ಕೆಳಕೆಳಗೆ ಸಣ್ಣದು. ಇವಳು ಯಾವತ್ತೂ ನೋಡಿರದ ಅಕ್ಷರಗಳು, ಮನಸ್ಸಿಗೆ ಬಂದ ಹಾಗೆ. ಬಾಯಿಪಾಠದ ಮಾತೇ ಇಲ್ಲ. ನಡುಮನೆಯ ಆ ತುದಿಯ ಗೋಡೆಗೆ ಒರಗಿಸಿ ಕರೆದೆ.

ಇವಳು ನೋಡಿದಳು. ಬಾಯಿಗೆ ಸೆರಗು ಹಿಡಿದುಕೊಂಡು ಒಂದು ಕ್ಷಣ ನಿಂತಳು. ಆಮೇಲೆ ಹತ್ತಿರ ಹೋಗಿ, "ರೀ, ಇದು ಕೆಳಗಿನ ಸಾಲಾ? ಇದನ್ನ ಬೀದಿ ಕೊನೆಯಿಂದಾನೂ ಓದ್ಬಹುದು" ಅಂದಳು.

ಇನ್ನೂ ಸಣ್ಣದಾಗಿ ಬರೆಯಲು ನೋಡಿದೆ. ಮಾರ್ಕರಿನ ಮೂತಿ ದಪ್ಪ, ಒಂದರ ಮೇಲೊಂದು ಹತ್ತಿ ಕೂರುತ್ತಿತ್ತು. ಮಗಳು ಪೆನ್ನು ಕಿತ್ತುಕೊಂಡು ತಾನೇ ಬರೆದಳು. ಏನು ಬರೆದಳೋ, ನನಗೆ ಇರುವೆ ಸಾಲಿನ ಹಾಗೆ ಕಂಡಿತು. ಬೆಳಕು ಸಾಲದು ಆ ಮೂಲೆಯಲ್ಲಿ.

ಇವಳು ಈ ತುದಿಯಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಹಿಂದೆ ನಿಂತು ಒಂದೊಂದೇ ಓದಿದಳು. ಕೊನೆಯ ಸಾಲಿನಲ್ಲಿ ಎರಡು ತಪ್ಪಿತು. ಎರಡೇ. "ಎರಡು ಕಾಣ್ಲಿಲ್ಲ" ಎಂದು ತಾನೇ ಹೇಳಿದಳು. ಅಳುತ್ತಾಳೇನೋ ಅಂದುಕೊಂಡೆ. ಇಲ್ಲ, ಬೀನ್ಸಿನ ಬುಟ್ಟಿ ಎಳೆದುಕೊಂಡು ಕೂತಳು. "ಈಗ ಗೊತ್ತಾಯ್ತಲ್ಲ. ಅಷ್ಟು ಸಾಕು" ಅಂದಳು.

ಭಾನುವಾರ, ಜುಲೈ 28

ಮಗಳು ಪ್ರತಿ ವಾರ ಹೊಸ ಸಾಲು ಬರೆಯುತ್ತಾಳೆ. ಈ ವಾರ ಅಕ್ಷರಗಳ ನಡುವೆ "ಅಪ್ಪನ ಉಪ್ಪು" ಎಂದು ಅಡಗಿಸಿದ್ದಳಂತೆ. ಇವಳು ಓದಿ ನಕ್ಕಾಗಲೇ ನನಗೆ ತಿಳಿದದ್ದು. ಎಲ್ಲ ಸರಿ ಓದಿದಳೋ, ಒಂದು ತಪ್ಪಿತೋ, ನಗುವಿನಲ್ಲಿ ಲೆಕ್ಕ ತಪ್ಪಿತು.

ಉಪ್ಪು ಈಗ ಇವಳೇ ಹಾಕುತ್ತಾಳೆ. ನಾನು ಹೆಚ್ಚುವವನು. ಸೌತೆಕಾಯಿ ಹೆಚ್ಚಿದ ವಾಸನೆ ಎಷ್ಟು ತಂಪು, ಇಷ್ಟು ವಯಸ್ಸಾದರೂ ಗಮನಿಸಿಯೇ ಇರಲಿಲ್ಲ.

ಮಂಗಳವಾರ, ಆಗಸ್ಟ್ 13

ಡಿಪೋದಲ್ಲಿ ರಾಮಾಯಣ. ಸಂಜೆ ಮೂರು ಬಸ್ಸು ಕೆಟ್ಟು ನಿಂತವು, ಬರುವುದು ತಡವಾಯಿತು. ಎಲ್ಲರೂ ಉಂಡು ಮುಗಿಸಿರುತ್ತಾರೆ ಎಂದುಕೊಂಡು ಬಂದರೆ ತಟ್ಟೆಗಳು ಮಗುಚಿಟ್ಟಿದ್ದವು. ಮಾವನವರು ಹಲ್ಲು ಹಾಕಿಕೊಂಡು ಸಿದ್ಧರಾಗಿ ಕೂತಿದ್ದರು.

"ತಿನ್ಬಾರ್ದಿತ್ತಾ? ನಿಂಗೆ ಹೊತ್ತು ಮೀರ್ಬಾರ್ದು" ಎಂದು ಇವಳಿಗೆ ಗದರಿದೆ.

"ಹೊತ್ತಿಗೆ ಒಂದು ಹಿಡಿ ಕಾಳು ತಿಂದೆ. ಉಳಿದಿದ್ದು ನಿಮ್ಮ ಜೊತೆ" ಅಂದಳು.

ಕಾಳಿಗೆ ಅವಳು ಏನು ಹಾಕಿದ್ದಳೋ. ಎರಡು ಸಲ ಹಾಕಿಸಿಕೊಂಡೆ. ಬೆರಳು ಚುಚ್ಚುವ ದಿನ ನಿನ್ನೆ ಇತ್ತು. ಇಳಿಯುತ್ತಿದೆ.

ಸೋಮವಾರ, ಸೆಪ್ಟೆಂಬರ್ 2

ಇವತ್ತಿನದನ್ನು ಬರೆಯಲೇಬೇಕು.

ಪಾಳಿ ಮುಗಿಸಿ ಬರುವಾಗ ಇವಳ ಅಂಗಡಿಯ ಮುಂದೆ ಇಳಿದೆ. ಸುಮ್ಮನೆ. ಗಾಜಿನ ಬಾಗಿಲು ತಳ್ಳಿದರೆ ಬಿಲ್ಲಿನ ಮೇಜಿನಲ್ಲಿ ಆ ಹೊಸ ಹುಡುಗ. ಫ್ರೇಮಿನ ಹುಡುಗಿ ಏನೂ ಹೇಳದೆ ಒಳಕೋಣೆಯ ಪರದೆಯ ಕಡೆ ಹುಬ್ಬು ಹಾರಿಸಿದಳು.

ಇವಳು ತನ್ನ ಸ್ಟೂಲಿನ ಮೇಲೆ ಕೂತು ಗಾಜು ಒರೆಸುತ್ತಿದ್ದಳು. ತಲೆಯೆತ್ತಿ ನೋಡಿ, "ಕೂತ್ಕೊಳ್ಳಿ" ಅಂದಳು. ಗಿರಾಕಿಗಳ ಹತ್ತಿರ ಮಾತಾಡುವ ದನಿ. ನನಗೇನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. "ಕೂತ್ಕೊಳ್ಳಿ ಸಾರ್" ಅಂದಳು. ಕೂತೆ.

ದೀಪ ಆರಿಸಿದಳು. ಎದುರು ಬೋರ್ಡು ಬೆಳಗಿತು.

"ಕೆಳಗಿನ ಸಾಲು ಓದಿ."

"ಕಾಣಲ್ಲ."

"ಅದರ ಮೇಲಿಂದು."

"ಅದೂ ಕಾಣಲ್ಲ ಕಣೇ."

"ಅದರ ಮೇಲಿಂದು?"

ಕಣ್ಣು ಕಿರಿದು ಮಾಡಿ ನೋಡಿದೆ, ಬರೀ ಮಸಕು. ಇಷ್ಟು ವರ್ಷ ನಾನು ಏನನ್ನು ನೋಡಿಕೊಂಡು ಓಡಾಡುತ್ತಿದ್ದೆನೋ. ಅವಳು ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ಮುಂದೆ ಬಾಗಿ ಆ ಕಬ್ಬಿಣದ ಚೌಕಟ್ಟನ್ನು ನನ್ನ ಮೂಗಿನ ಮೇಲೆ ಕೂರಿಸಿದಳು. ಅವಳ ಕೈ ತಣ್ಣಗಿತ್ತು. ಒಂದು ಗಾಜು ಹಾಕಿದಳು, ತೆಗೆದಳು, ಇನ್ನೊಂದು ಹಾಕಿದಳು.

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಮೊದಲಿಂದು. ಅಲ್ಲ, ಇದು. ತಡಿ, ಇನ್ನೊಂದ್ಸಲ ತೋರ್ಸು."

"ಅವಸರ ಇಲ್ಲ. ನಿಧಾನಕ್ಕೆ ಹೇಳಿ."

ಯಾರ ಹತ್ತಿರವೂ ಅಷ್ಟು ತಾಳ್ಮೆಯಿಂದ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ದಿನಾ ಹೀಗೇ ಮಾತಾಡುತ್ತಾಳೆ, ಎಲ್ಲರ ಹತ್ತಿರವೂ. ಮೂರನೆಯ ಗಾಜಿಗೆ ಬೋರ್ಡು ತೊಳೆದಿಟ್ಟ ಹಾಗೆ ಎದ್ದು ಬಂತು. ಕೆಳಗಿನ ಸಾಲು ಪೂರ್ತಿ ಓದಿದೆ, ದೊಡ್ಡ ದನಿಯಲ್ಲಿ, ಹೊರಗಿನವರಿಗೆಲ್ಲ ಕೇಳುವ ಹಾಗೆ. ಆಮೇಲೆ ಅವಳ ಕಡೆ ತಿರುಗಿದೆ. ಕಣ್ಣ ಸುತ್ತ ಸಣ್ಣ ಸಣ್ಣ ಗೆರೆ ಮೂಡಿವೆ. ಯಾವಾಗ ಬಂದವೋ. ನೋಡುತ್ತಲೇ ಇದ್ದೆ.

"ಬೋರ್ಡು ಆ ಕಡೆ ಇದೆ" ಅಂದಳು.

"ಗೊತ್ತು."

ನಂಬರು ಬರೆದುಕೊಂಡಳು. ಕನ್ನಡಕ ಗುರುವಾರ ಸಿಗುತ್ತದೆ. ಅಲ್ಲಿಯವರೆಗೂ ಈ ಡೈರಿಯನ್ನು ಇಷ್ಟು ದೂರ ಹಿಡಿದೇ ಬರೆಯಬೇಕು.

ಅಯ್ಯೋ, ಮರೆತೇಬಿಟ್ಟಿದ್ದೆ. ಮೊನ್ನೆ ಶನಿವಾರ ಡಾಕ್ಟರ ಹತ್ತಿರ ಹೋಗಿದ್ದೆವು. ಮೂರು ತಿಂಗಳ ರಿಪೋರ್ಟು ಬಂತು. ಸಕ್ಕರೆ ಇಳಿದಿದೆ, ಇನ್ನೂ ಸ್ವಲ್ಪ ಇಳಿಯಬೇಕಂತೆ. ಚುಕ್ಕೆಗಳು ಇದ್ದಲ್ಲೇ ಇವೆ, ಬೆಳೆದಿಲ್ಲ. ಇಂಜೆಕ್ಷನ್ ಬೇಡ. ಕೆಲಸ ಮಾಡಬಹುದೆಂದು ಕಣ್ಣಿನ ಡಾಕ್ಟರು ಬರೆದುಕೊಟ್ಟರು, ಯಜಮಾನರು ಮರುಮಾತಾಡದೆ ಒಳಕೋಣೆಗೆ ಕಳಿಸಿದರು. ಒಟ್ಟಿನಲ್ಲಿ ನನ್ನ ವೇಳಾಪಟ್ಟಿ ಫಲ ಕೊಟ್ಟಿತೆಂದೇ ಹೇಳಬೇಕು.

ಇನ್ನೂ ಬರೆಯುವುದಿತ್ತು. ಒಳಗಿಂದ ಇವಳು ಕರೆಯುತ್ತಿದ್ದಾಳೆ, ಊಟ ಆರಿ ಹೋಗುತ್ತಂತೆ.